ಬೆರಳು ಹೋಗದ ಬುಡ್ಡಿ

ಅಮ್ಮನ ವರ್ಷಾಬ್ದಿಕ ಮುಗಿದ ಮಾರನೆಯ ದಿನ ಅಕ್ಕ, ತಮ್ಮ, ನಾನು ಮೂವರೂ ಜೀವನ್ ಬಿಮಾ ನಗರದ ಮನೆಯ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಕೂತು ಅವಳ ಬೀರು ಖಾಲಿ ಮಾಡಿದೆವು. ಸೀರೆಗಳ ವಿಷಯವನ್ನು ಅಕ್ಕ ಬೇಗ ಮುಗಿಸಿದಳು. ಬೆಳ್ಳಿಯ ತಟ್ಟೆ, ಪಂಚಪಾತ್ರೆ, ಕುಂಕುಮದ ಭರಣಿ ಇವನ್ನೆಲ್ಲ ತೂಕ ನೋಡುವ ಗೋಜಿಗೆ ಹೋಗದೆ ಮೂರು ಪಾಲು ಮಾಡಿದೆವು. ಕೊನೆಗೆ ಚಾಪೆಯ ಮೇಲೆ ಉಳಿದದ್ದು ಬುಡ್ಡಿ.

ನಮ್ಮ ಮನೆಯಲ್ಲಿ ಅದಕ್ಕೆ ಬೇರೆ ಹೆಸರಿಲ್ಲ. ಬೆಳ್ಳಿಯದು, ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು ಸಣ್ಣದು, ಹಿಂದೆ ಮುಂದೆ ಚಪ್ಪಟೆ. ಎರಡೂ ಮುಖಗಳ ಮೇಲೆ ಕೂದಲೆಳೆಯಂಥ ಬೆಳ್ಳಿ ತಂತಿಯ ಕುಸುರಿಯಲ್ಲಿ ಒಂದೊಂದು ಡ್ರ್ಯಾಗನ್, ಅದರ ಸುತ್ತ ಅಲ್ಲೊಂದು ಇಲ್ಲೊಂದು ನೀಲಿ, ಕೆಂಪು ಕಲ್ಲು. ಭುಜದ ಎರಡು ಕಡೆ ಸಿಂಹದ ಮುಖ, ಅದರ ಬಾಯಲ್ಲಿ ಪುಟ್ಟ ಬಳೆ. ಮುಚ್ಚಳದ ನೆತ್ತಿಗೆ ಒಂದು ಕೆಂಪು ಕಲ್ಲು. ಮುಚ್ಚಳ ಎತ್ತಿದರೆ ಅದರ ಕೆಳಗೆ ಒಂದು ಕಡ್ಡಿ, ಕಡ್ಡಿಯ ತುದಿ ಬೊಂಬೆಯಾಟದ ಸೌಟಿನಂತೆ ಬಗ್ಗಿದೆ. ಒಳಗೆ ಅಮ್ಮ ಪಚ್ಚಕರ್ಪೂರ ಇಡುತ್ತಿದ್ದಳು. ಅವಳಿಗಿಂತ ಮುಂಚೆ ಅಜ್ಜಿಯೂ ಅದನ್ನೇ ಇಡುತ್ತಿದ್ದರು. ಇದು ತಾತನ ನಶ್ಯದ ಬುಡ್ಡಿ, ಅರಮನೆಯಿಂದ ಇನಾಮು ಬಂದದ್ದು ಎಂದು ಅಜ್ಜಿ ಹೇಳುತ್ತಿದ್ದರು. ಪಿರಿಯಾಪಟ್ಟಣದಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿದ್ದ ತಾತನಿಗೆ ಅರಮನೆಯವರು ಯಾಕೆ ಇನಾಮು ಕೊಟ್ಟರು ಎಂದು ನಾವು ಯಾರೂ ಕೇಳಿರಲಿಲ್ಲ. ದಸರೆಗೆ ಬೊಂಬೆ ಕೂರಿಸುವಾಗ ಪಟ್ಟದ ಬೊಂಬೆಗಳ ಪಕ್ಕದಲ್ಲಿ ಅದನ್ನು ಇಡುತ್ತಿದ್ದರಿಂದ ಅರಮನೆಯ ಮಾತು ನಿಜವೇ ಇರಬೇಕು ಅನ್ನಿಸುತ್ತಿತ್ತು.

ಇದನ್ನು ಮೂರು ಪಾಲು ಮಾಡುವುದು ಹೇಗೆ? ಅಕ್ಕನ ಮಗ ಫೋನಿನಲ್ಲಿ ನಾಲ್ಕು ಕಡೆಯಿಂದ ಫೋಟೋ ಹೊಡೆದು ಹತ್ತು ನಿಮಿಷ ಏನೇನೋ ಹುಡುಕಿದ. ಹೊರದೇಶಗಳಲ್ಲಿ ಇಂಥವನ್ನು ಹರಾಜು ಹಾಕುತ್ತಾರಂತೆ. ಕೆಲವಕ್ಕೆ ಲಕ್ಷಗಟ್ಟಲೆ, ಕೆಲವಕ್ಕೆ ಒಂದು ಊಟದ ದುಡ್ಡು. "ಮಾಮ, ಎಲ್ಲೀದು ಅಂತ ಗೊತ್ತಾಗ್ದೆ ರೇಟು ಹೇಳೋಕಾಗಲ್ಲ. ಚೀನಾದ್ದಾ, ಟಿಬೆಟ್‌ದಾ, ಮಂಗೋಲಿಯಾದ್ದಾ, ನೇಪಾಳದ್ದಾ, ಮೊದಲು ಅದು ಗೊತ್ತಾಗ್ಬೇಕು" ಅಂದ. ನಿವೃತ್ತನಾಗಿ ಮನೆಯಲ್ಲಿರುವವನು ನಾನೊಬ್ಬನೇ ಆದ್ದರಿಂದ ಆ ಕೆಲಸ ನನ್ನ ಪಾಲಿಗೆ ಬಂತು. ಜೀವವಿಮೆಯ ಹೆಸರನ್ನೇ ಇಟ್ಟುಕೊಂಡ ಬಡಾವಣೆಯಲ್ಲಿ ಇಷ್ಟು ವರ್ಷ ಇದ್ದೂ ಒಂದು ವಸ್ತುವಿನ ಬೆಲೆ ಕಟ್ಟುವುದು ಹೇಗೆ ಎಂದು ನಾನು ಕಲಿತಿರಲಿಲ್ಲ.

ಮೊದಲು ತೋರಿಸಿದ್ದು ಪಕ್ಕದ ಮನೆಯವರಿಗೆ. ಅವರು ಹಲಸೂರು ಕೆರೆಯ ಬಳಿಯ ಮದ್ರಾಸ್ ಸ್ಯಾಪರ್ಸ್ ಪಡೆಯಲ್ಲಿದ್ದು ಹವಾಲ್ದಾರರಾಗಿ ನಿವೃತ್ತರಾದವರು. ಡ್ರ್ಯಾಗನ್ ಕಂಡದ್ದೇ ಅವರ ಮುಖ ಅರಳಿತು. "ಸಾರ್, ಇದು ನಮ್ಮದು!" ಅಂದರು. ಅದರಲ್ಲಿ ಅರ್ಧ ಸತ್ಯ ಇತ್ತು. ಮೊದಲನೇ ಅಫೀಮು ಯುದ್ಧ ನಡೆದಾಗ, ಅಂದರೆ 1840ರಿಂದ 42ರವರೆಗೆ, ಮದ್ರಾಸಿನ ಸ್ಯಾಪರ್ಸ್ ಚೀನಾದಲ್ಲಿ ಹೋರಾಡಿದ್ದಕ್ಕೆ ಗೌರವವಾಗಿ ಅವರಿಗೆ ಡ್ರ್ಯಾಗನ್ ಚಿಹ್ನೆ ಸಿಕ್ಕಿತು. 1860ರಲ್ಲಿ ಮತ್ತೆ ಹೋದರು. ಬ್ರಿಟಿಷರೂ ಫ್ರೆಂಚರೂ ಸೇರಿ ಪೀಕಿಂಗಿನ ಬೇಸಿಗೆ ಅರಮನೆಯನ್ನು ದೋಚಿದ್ದು, ಆಮೇಲೆ ಬ್ರಿಟಿಷರು ಅದನ್ನು ಸುಟ್ಟದ್ದು ಆ ವರ್ಷದ ಅಕ್ಟೋಬರಿನಲ್ಲಿ. ಆ ಲೂಟಿಯ ಮಾಲು ದಂಡಿನ ಜೊತೆ ದೇಶದೇಶ ಸುತ್ತಿತು. ಪೀಕಿಂಗಿನ ಬೆಳ್ಳಿ ಹಲಸೂರಿಗೆ ಬಂದು, ಅಲ್ಲಿಂದ ಮೈಸೂರಿಗೆ ಹೋಗಿ, ಅರಮನೆ ಸೇರಿ, ತಾತನ ಕೈಗೆ ಬಂತು ಎಂದು ನಾವಿಬ್ಬರೂ ಕಾಫಿ ಮುಗಿಯುವಷ್ಟರಲ್ಲಿ ಒಂದು ದಾರಿ ಹಾಕಿಬಿಟ್ಟೆವು. ಅರಮನೆಯ ಕತೆಗೂ ಕೈಕಾಲು ಬಂತು. ನಾನು ಆ ರಾತ್ರಿ ಖುಷಿಯಿಂದ ನಿದ್ದೆ ಮಾಡಿದೆ.

ಮರುದಿನ ಅಕ್ಕನ ಮಗ ಬುಡ್ಡಿಯ ತಳದಲ್ಲಿ ಸವೆದುಹೋಗಿದ್ದ ನಾಲ್ಕು ಅಕ್ಷರಗಳನ್ನು ಫೋನಿಗೆ ತೋರಿಸಿ ಓದಿಸಿದ. 'ಚಿಯನ್‌ಲಾಂಗ್ ಕಾಲದಲ್ಲಿ ತಯಾರಿಸಿದ್ದು' ಎಂದು ಬಂತು. ಚಿಯನ್‌ಲಾಂಗ್ ಚೀನಾದ ಚಿಂಗ್ ವಂಶದ ಚಕ್ರವರ್ತಿ, 1736ರಿಂದ 1796ರವರೆಗೆ ಆಳಿದವನು. ಇನ್ನೂರೈವತ್ತು ವರ್ಷದ ಬುಡ್ಡಿ! ತಮ್ಮ ಸಂಜೆಯೇ ಫೋನ್ ಮಾಡಿ ಬ್ಯಾಂಕ್ ಲಾಕರಿನಲ್ಲಿ ಇಡು ಅಂದ. ಆದರೆ ಸ್ವಲ್ಪ ಓದಿಕೊಂಡ ಮೇಲೆ ಉತ್ಸಾಹ ಇಳಿಯಿತು. ಚಿಯನ್‌ಲಾಂಗನ ಹೆಸರು ಹಾಕುವುದು ಚೀನಾದ ಕುಶಲಕರ್ಮಿಗಳಿಗೆ ಒಂದು ವಾಡಿಕೆ. ಅವನು ಸತ್ತು ನೂರು, ನೂರೈವತ್ತು ವರ್ಷ ಆದಮೇಲೂ ಹಾಕುತ್ತಿದ್ದರು. ಒಮ್ಮೊಮ್ಮೆ ಹಳೆಯ ಕಾಲಕ್ಕೆ ಮರ್ಯಾದೆ ತೋರಿಸಲು, ಬಹಳಷ್ಟು ಸಲ ಗಿರಾಕಿಗೆ ಮೋಸ ಮಾಡಲು. ಡ್ರ್ಯಾಗನ್ನಿನ ಉಗುರುಗಳನ್ನು ಲೆಕ್ಕ ಹಾಕು ಎಂದೂ ಒಂದು ಸೂತ್ರ ಇದೆ. ಐದಿದ್ದರೆ ಚಕ್ರವರ್ತಿಯ ಮನೆಯದು. ನಮ್ಮದಕ್ಕೆ ನಾಲ್ಕು.

ಇಲ್ಲಿ ಇನ್ನೊಂದು ತಮಾಷೆ ಹೇಳಬೇಕು. ನಮ್ಮ ದೇಶದಲ್ಲಿ 1972ರ ಪುರಾತನ ವಸ್ತುಗಳ ಕಾಯಿದೆ ಇದೆ. ನೂರು ವರ್ಷ ದಾಟಿದ ಇಂಥ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವ ಹಾಗಿಲ್ಲ. ಅಕ್ಕನ ಮಗನಿಗೆ ಬುಡ್ಡಿ ಬಹಳ ಹಳೆಯದಾಗಿರಬೇಕಿತ್ತು, ಇಲ್ಲದಿದ್ದರೆ ಬೆಲೆ ಇಲ್ಲ. ಹಾಗೆಯೇ ನೂರು ವರ್ಷದೊಳಗಿನದೂ ಆಗಿರಬೇಕಿತ್ತು, ಇಲ್ಲದಿದ್ದರೆ ಹರಾಜಿಗೆ ಕಳಿಸುವಂತಿಲ್ಲ. ಅವನು ಎರಡನ್ನೂ ಒಂದೇ ಉಸಿರಿನಲ್ಲಿ ಬಯಸುತ್ತಿದ್ದ.

ಮೂರನೆಯ ಸಲ ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಇಂದಿರಾನಗರದ ಸಿ.ಎಂ.ಎಚ್. ರಸ್ತೆಯ ಒಂದು ಆಭರಣದ ಅಂಗಡಿಗೆ ಹೋದೆ. ಅಲ್ಲಿನ ಹುಡುಗ ಬುಡ್ಡಿಯನ್ನು ಒಂದು ಮೆಷಿನ್ನಿನೊಳಗಿಟ್ಟು ಅರ್ಧ ನಿಮಿಷದಲ್ಲಿ ಬೆಳ್ಳಿ ಎಷ್ಟು, ತಾಮ್ರ ಎಷ್ಟು ಎಂದು ಚೀಟಿ ಕೊಟ್ಟ. ನೂರಕ್ಕೆ ಎಂಬತ್ತೊಂಬತ್ತು ಬೆಳ್ಳಿ. ಕಲ್ಲೂ ಸೇರಿ ತೂಕ 97 ಗ್ರಾಂ. "ಕಲ್ಲು ಕಳೆದು ತೂಕಕ್ಕೆ ತಗೋತೀವಿ ಅಂಕಲ್" ಅಂದ. ಯಾವ ದೇಶದ ಬೆಳ್ಳಿ ಎಂದು ಕೇಳಿದ್ದಕ್ಕೆ ನಕ್ಕ.

ಅವನು ನಕ್ಕದ್ದು ಸರಿಯೇ. ಬ್ರಿಟಿಷರ ಇಂಗ್ಲೆಂಡಿನಲ್ಲಿ ಬೆಳ್ಳಿಯ ಚಮಚಕ್ಕೂ ಊರು, ವರ್ಷ, ಶುದ್ಧತೆಯ ಮುದ್ರೆ ಒತ್ತುತ್ತಿದ್ದರು. ಅವರೇ ಆಳಿದ ಇಂಡಿಯಾದಲ್ಲಿ ಹಾಗೆ ಕಡ್ಡಾಯ ಇರಲಿಲ್ಲ. ಮದ್ರಾಸಿನ ಪಿ. ಓರ್ ಅಂಡ್ ಸನ್ಸ್, ಭುಜ್‌ನ ಊಮರ್ಸಿ ಮಾವ್ಜಿಯಂಥ ಹೆಸರಾದವರು ತಮ್ಮ ಗುರುತು ತಾವೇ ಒತ್ತುತ್ತಿದ್ದರು. ಉಳಿದ ಅಕ್ಕಸಾಲಿಗರ ಕೆಲಸಕ್ಕೆ ಕೈಬರಹವೇ ಸಹಿ. ದೇವರ ಮೂರ್ತಿಗಳನ್ನು ಉಬ್ಬಿಸಿದ್ದರೆ ಮದ್ರಾಸಿನ ಕಡೆಯದು, ಬಳ್ಳಿ ಹೂವು ಒತ್ತೊತ್ತಾಗಿ ತುಂಬಿದ್ದರೆ ಕಛ್‌ನದು ಎಂದು ಗುರುತಿಸುತ್ತಾರೆ. ಲೋಹದಿಂದ ಗುರುತಿಸುವುದು ಇನ್ನೂ ಕಷ್ಟ. ಬ್ರಿಟಿಷರ ಬೆಳ್ಳಿ ರೂಪಾಯಿ ಒಂದು ತೊಲ, ಅಂದರೆ 11.66 ಗ್ರಾಂ, 1940ರವರೆಗೆ ಅದರಲ್ಲಿ ನೂರಕ್ಕೆ 91.7 ಬೆಳ್ಳಿ. ಆ ರೂಪಾಯಿ ಹಿಮಾಲಯ ದಾಟಿ ಟಿಬೆಟ್ಟಿನ ಪೇಟೆಗಳಲ್ಲಿ ಎಷ್ಟು ಓಡಾಡಿತೆಂದರೆ, ಚೀನಾದವರು ಅದನ್ನು ತಡೆಯಲು 1902ರ ಸುಮಾರಿಗೆ ಸಿಚುವಾನ್‌ನಲ್ಲಿ ಅದರದೇ ನಕಲು ಅಚ್ಚು ಹಾಕಿಸಿದರು. ವಿಕ್ಟೋರಿಯಾ ರಾಣಿಯ ಮುಖ ಇದ್ದ ಜಾಗದಲ್ಲಿ ತಮ್ಮ ಚಕ್ರವರ್ತಿಯ ಮುಖ. ಟಿಬೆಟ್ಟಿನ ಅಕ್ಕಸಾಲಿ ಎರಡನ್ನೂ ಒಂದೇ ಮೂಸೆಯಲ್ಲಿ ಕರಗಿಸಿದರೆ ಯಾವ ಮೆಷಿನ್ನು ತಾನೇ ಊರು ಹೇಳೀತು? ಕಲ್ಲುಗಳೂ ಹಾಗೆಯೇ. ಟಿಬೆಟಿನವರೂ ಮಂಗೋಲರೂ ಹವಳಕ್ಕೆ ಪ್ರಾಣ ಬಿಡುತ್ತಾರೆ, ಅದು ಬರುತ್ತಿದ್ದದ್ದು ಮೆಡಿಟರೇನಿಯನ್ ಸಮುದ್ರದಿಂದ.

ಆದರೂ ಅಲ್ಲಿಗೆ ಹೋದದ್ದು ವ್ಯರ್ಥವಾಗಲಿಲ್ಲ. ಅಂಗಡಿಯ ಮೂಲೆಯಲ್ಲಿ ಕೂತು ಸರ ಪೋಣಿಸುತ್ತಿದ್ದ ವಯಸ್ಸಾದ ಕೆಲಸಗಾರರೊಬ್ಬರು ಕೈ ಚಾಚಿ ಬುಡ್ಡಿ ಇಸಿದುಕೊಂಡರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಹಳ ಹೊತ್ತು ತಿರುಗಿಸಿ ನೋಡಿ, "ಮೈಮೇಲಿನ ಕೆಲಸ ನಮ್ಮ ಕಡೇದಲ್ಲ. ಆದರೆ ಮುಚ್ಚಳದ ಈ ಕೆಂಪು ಕಲ್ಲು ಇದೆಯಲ್ಲ, ಇದು ಗಾಜು. ಒಳಗೆ ಗುಳ್ಳೆ ಕಾಣ್ತದೆ. ಅರಗು ಹಾಕಿ ಕೂರಿಸಿರೋದು ನಮ್ಮ ಕಡೇ ಆಚಾರಿ. ಹಳೇ ಕಲ್ಲು ತೆಗೆದಿದ್ದಾರೆ" ಅಂದರು. ಕಲ್ಲು ಬಿದ್ದುಹೋಗಿತ್ತೇನೋ ಎಂದುಕೊಂಡು ನಾನು ಮನೆಗೆ ಬಂದೆ.

ಬಂದ ದಾರಿ ಹೀಗೆ ಎಲ್ಲ ಕಡೆಯೂ ಮುಚ್ಚಿದ ಮೇಲೆ ಒಂದು ಮಧ್ಯಾಹ್ನ ಸುಮ್ಮನೆ ಬುಡ್ಡಿಯನ್ನು ಕೈಯಲ್ಲಿ ಹಿಡಿದು ಕೂತಿದ್ದೆ. ತಾತ ನೆನಪಾದರು. ಅವರು ತೀರಿಕೊಂಡಾಗ ನನಗೆ ಹತ್ತು ವರ್ಷ. ಅವರ ನಶ್ಯ ನನಗೆ ಚೆನ್ನಾಗಿ ನೆನಪಿದೆ. ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ನಶ್ಯದ ಡಬ್ಬ, ಅದರಿಂದ ಉದ್ದ ಹಿಡಿಯ ಚಮಚದಲ್ಲಿ ತೆಗೆದು ಒಣಗಿದ ಬಾಳೆಪಟ್ಟೆಯಲ್ಲಿ ಪೊಟ್ಟಣ ಕಟ್ಟಿ ಮಾರುತ್ತಿದ್ದರು. ತಾವು ಹಾಕುವುದು ಮಾತ್ರ ಸೊಂಟದಲ್ಲಿದ್ದ ದುಂಡನೆಯ ಹಿತ್ತಾಳೆ ಡಬ್ಬಿಯಿಂದ. ಮುಚ್ಚಳದ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿ, ತೆರೆದು, ಹೆಬ್ಬೆರಳು ತೋರುಬೆರಳು ಎರಡನ್ನೂ ಒಳಗೆ ಅದ್ದಿ ಒಂದು ಚಿಟಿಕೆ ತೆಗೆದು, ಮಾತು ಮುಗಿಯುವವರೆಗೆ ಅದನ್ನು ಗಾಳಿಯಲ್ಲೇ ಹಿಡಿದಿದ್ದು, ಆಮೇಲೆ ಮೂಗಿಗೆ ಏರಿಸುತ್ತಿದ್ದರು. ಗಿರಾಕಿ ಏನಾದರೂ ಚೌಕಾಸಿ ಮಾಡಿದರೆ ಆ ಚಿಟಿಕೆ ಗಾಳಿಯಲ್ಲೇ ಬಹಳ ಹೊತ್ತು ನಿಲ್ಲುತ್ತಿತ್ತು.

ನಾನು ಬುಡ್ಡಿಯ ಮುಚ್ಚಳ ತೆಗೆದು ಅದೇ ರೀತಿ ಎರಡು ಬೆರಳು ಇಡಲು ನೋಡಿದೆ. ಹೋಗಲಿಲ್ಲ. ಕಿರುಬೆರಳೂ ಹೋಗಲಿಲ್ಲ. ಕೊರಳು ಅಷ್ಟು ಸಣ್ಣ.

ನಾಚಿಕೆಯಾಗುವಷ್ಟು ಸುಲಭವಾದ ವಿಷಯ. ಅರವತ್ತು ವರ್ಷ 'ತಾತನ ನಶ್ಯದ ಬುಡ್ಡಿ' ಎಂದು ಹೇಳಿಕೊಂಡು ಬಂದ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಇದರಿಂದ ತಾತ ನಶ್ಯ ಹಾಕಿರಲು ಸಾಧ್ಯವೇ ಇಲ್ಲ. ಯುರೋಪಿನವರೂ ನಾವೂ ನಶ್ಯವನ್ನು ಚಿಟಿಕೆಯಲ್ಲಿ ತೆಗೆಯುವವರು, ನಮಗೆ ಬಾಯಿ ಅಗಲದ ಡಬ್ಬಿ ಬೇಕು. ಯುರೋಪಿನಿಂದ ಬಂದ ಈ ಚಟ ಚೀನಾದವರ ಕೈಗೆ ಸಿಕ್ಕಾಗ ಅವರು ಪುಡಿಯನ್ನು ಡಬ್ಬಿಯಲ್ಲಿಡದೆ ತಮ್ಮ ಹಳೆಯ ಔಷಧಿ ಶೀಷೆಯಲ್ಲಿಟ್ಟರು. ಗಾಳಿಯ ತೇವ ಒಳಗೆ ಹೋಗಬಾರದೆಂದು ಕೊರಳು ಸಣ್ಣ ಮಾಡಿ ಬಿರಡೆ ಹಾಕಿದರು, ಬಿರಡೆಗೆ ಕಡ್ಡಿಚಮಚ ಕಟ್ಟಿದರು. ಗಾಜು, ಪಚ್ಚೆ, ಪಿಂಗಾಣಿ, ಅಕೀಕು, ಎಲ್ಲದರಲ್ಲೂ ಮಾಡಿದರು, ಬೆಳ್ಳಿಯವು ಕಡಿಮೆ. ಚಮಚದಿಂದ ತೆಗೆದದ್ದನ್ನು ಹೆಬ್ಬೆರಳಿನ ಉಗುರಿನ ಮೇಲೆ ಸುರಿದುಕೊಂಡು ಏರಿಸುವುದು ಅವರ ಕ್ರಮ. ಮಂಗೋಲಿಯಾಕ್ಕೆ ಹೋದಾಗ ಅದು ಇನ್ನೂ ಬೇರೆಯಾಯಿತು. ಅಲ್ಲಿ ಇಬ್ಬರು ಭೇಟಿಯಾದರೆ ಬುಡ್ಡಿಗಳನ್ನು ಬಲಗೈಯಲ್ಲಿ ಅದಲುಬದಲು ಮಾಡಿಕೊಂಡು, ಮೂಸಿ, ಮೆಚ್ಚಿ, ವಾಪಸು ಕೊಡುವುದೇ ನಮಸ್ಕಾರ. ನಶ್ಯ ಹಾಕದವನೂ ಮುಚ್ಚಳ ಮೂಸಿಯಾದರೂ ಕೊಡಬೇಕು.

ಹಾಗಾದರೆ ಬೇರೆ ಯಾರದ್ದೋ ಕೈಯ ಅಭ್ಯಾಸಕ್ಕೆ ಮಾಡಿದ ವಸ್ತು ತಾತನ ಮನೆಗೆ ಹೇಗೆ ಬಂತು? ಇದನ್ನು ಕೇಳಬಹುದಾದವರು ಒಬ್ಬರೇ ಉಳಿದಿದ್ದರು. ಹುಣಸೂರಿನಲ್ಲಿರುವ ನಮ್ಮ ಸೋದರತ್ತೆ, ಅಪ್ಪನ ಕೊನೆಯ ತಂಗಿ. ಈಗ ಎಪ್ಪತ್ತೆಂಟು. ಹೋಗಿ ಬುಡ್ಡಿಯನ್ನು ಅವರ ಮಡಿಲಲ್ಲಿಟ್ಟೆ. ಹಿಡಿದು ನೋಡಲೂ ಇಲ್ಲ. ಸೆರಗಿನಿಂದ ಒಂದು ಸಲ ಒರೆಸಿ ನನಗೇ ವಾಪಸು ಕೊಟ್ಟರು.

"ಅರಮನೆ ಇನಾಮು ಅಂತ ಅಜ್ಜಿ ಹೇಳ್ತಿದ್ರಲ್ಲ ಅತ್ತೆ?"

"ಅರಮನೇನೂ ಇಲ್ಲ, ಗಿರಮನೇನೂ ಇಲ್ಲ. ಅದೆಲ್ಲ ಯಾಕೀಗ? ಊಟ ಮಾಡು."

ಊಟವಾದ ಮೇಲೆ, ಎಲೆ ಅಡಿಕೆ ಹಾಕಿಕೊಂಡು, ಅವರೇ ಶುರು ಮಾಡಿದರು. "ಅಡ ಬಂದಿದ್ದು ಕಣಪ್ಪ ಅದು. ಟಿಬೆಟಿನೋರದ್ದು."

ಟಿಬೆಟಿನಿಂದ ಓಡಿಬಂದವರ ಮೊದಲ ತಂಡ ಬೈಲಕುಪ್ಪೆಗೆ ಬಂದದ್ದು 1960ರ ಕೊನೆಯಲ್ಲಿ. ಮೈಸೂರು ಸರ್ಕಾರ ಅಲ್ಲಿ ಸುಮಾರು 3,000 ಎಕರೆ ಕಾಡು ಕೊಟ್ಟಿತ್ತು. ಡೇರೆಗಳಲ್ಲಿದ್ದುಕೊಂಡು ಮರ ಕಡಿದು, ಆನೆ ಓಡಿಸಿ, ಮುಸುಕಿನ ಜೋಳ ಹಾಕಿದ ಜನ. ತಾಲ್ಲೂಕು ಕಚೇರಿಯ ಕೆಲಸಕ್ಕೆ, ಸಂತೆಗೆ ಪಿರಿಯಾಪಟ್ಟಣಕ್ಕೆ ಬರುತ್ತಿದ್ದರು. ತಂದಿದ್ದ ಒಡವೆ ವಸ್ತುಗಳನ್ನು ಒಂದೊಂದಾಗಿ ಮಾರುತ್ತಿದ್ದರು. ನಮಗೆ ಬೈಲಕುಪ್ಪೆ ಎಂದರೆ ಮಡಿಕೇರಿಗೆ ಹೋಗುವಾಗ ಇಳಿದು ಚಿನ್ನದ ದೇವಸ್ಥಾನ ನೋಡಿ ಮೊಮೊ ತಿನ್ನುವ ಜಾಗ. ಪೀಕಿಂಗಿನವರೆಗೆ ಹೋಗಿ ಬಂದ ನಮ್ಮ ತಲೆಗೆ ಪಿರಿಯಾಪಟ್ಟಣದಿಂದ ಅಷ್ಟು ಹತ್ತಿರದ ಊರು ಹೊಳೆಯಲಿಲ್ಲ. ಅಥವಾ ಹೊಳೆಯದ ಹಾಗೆ ಅಜ್ಜಿ ನೋಡಿಕೊಂಡಿದ್ದರು.

ಅತ್ತೆಗೆ ಆಗ ಹದಿನೈದು. ಅಂಗಡಿಗೂ ಮನೆಗೂ ನಡುವೆ ಒಂದು ಬಟ್ಟೆಯ ಪರದೆ. ಹೆಂಗಸು ಒಬ್ಬಳೇ ಬಂದಿದ್ದಳು, ಸೊಂಟಕ್ಕೆ ಪಟ್ಟೆಪಟ್ಟೆಯ ಬಟ್ಟೆ ಕಟ್ಟಿಕೊಂಡಿದ್ದಳು. ಮಾತು ಬಾರದು. ಟೀ ಪುಡಿ, ಬೆಣ್ಣೆ, ಉಪ್ಪು, ಒಂದು ಕಂಬಳಿ ತೋರಿಸಿದಳು. "ಟೀಗೆ ಬೆಣ್ಣೆ, ಉಪ್ಪು ಹಾಕ್ತಾರಂತೆ ಅಂತ ನಾವೆಲ್ಲ ನಗಾಡಿದ್ವಿ" ಅಂದರು ಅತ್ತೆ. ದುಡ್ಡಿಗೆ ಬದಲು ಬುಡ್ಡಿ ಇಟ್ಟಳು. ತಾತ ತಕ್ಕಡಿಯ ಒಂದು ತಟ್ಟೆಗೆ ಅದನ್ನಿಟ್ಟು ಇನ್ನೊಂದಕ್ಕೆ ಬೆಳ್ಳಿ ರೂಪಾಯಿಗಳನ್ನು ಹಾಕಿ ತೂಗಿದರು, ಎಂಟು ರೂಪಾಯಿ ತೂಕ. ಅವಳು ಮಾರುತ್ತಿಲ್ಲ, ಮತ್ತೆ ಬರುತ್ತೇನೆ ಎಂದು ಕೈಸನ್ನೆಯಲ್ಲಿ ಹೇಳಿದಳು. ನೆಲ ತೋರಿಸಿ, ಗಿಡ ಬೆಳೆಯುವುದನ್ನು ತೋರಿಸಿ, ತೆನೆ ಮುರಿಯುವುದನ್ನು ತೋರಿಸಿದಳು. ತಾತ ತಲೆಯಾಡಿಸಿದರು.

"ಬಂದ್ಲಾ?"

"ಬಂದ್ಲು. ಒಂದ್ಸಲ ಅಲ್ಲ, ಎರಡ್ಸಲ. ದುಡ್ಡು ತಂದಿದ್ಲು, ಸೆರಗಲ್ಲಿ ಗಂಟು ಕಟ್ಕೊಂಡು. ಅಪ್ಪ ಮಾರಿಬಿಟ್ಟೆ ಅಂದ್ರು. ಕೈ ಹಿಂಗೆ ಅಲ್ಲಾಡಿಸಿದ್ರು." ಅತ್ತೆ ಕೈ ಅಲ್ಲಾಡಿಸಿ ತೋರಿಸಿದರು. "ಒಳಗೆ ಟ್ರಂಕಲ್ಲಿತ್ತು. ಅಮ್ಮಂಗೆ ಅದು ಮನಸ್ಸಿಗೆ ಬಂದಿತ್ತು. ಆ ಹೆಂಗಸು ಅಳ್ಲಿಲ್ಲ ಮಾಡ್ಲಿಲ್ಲ. ಅಂಗಡಿ ಮುಂದೆ ಬಹಳ ಹೊತ್ತು ನಿಂತಿದ್ಲು. ನಾನು ಪರದೆ ಹಿಂದೆ ಇದ್ದೆ. ನಾನೂ ಏನೂ ಹೇಳ್ಲಿಲ್ಲ."

ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ತಾತನ ಮೇಲೆ ಬಂದ ಸಿಟ್ಟಿಗಿಂತ ಹೆಚ್ಚಾಗಿ, ಗಾಳಿಯಲ್ಲಿ ಹಿಡಿದ ಅವರ ಚಿಟಿಕೆಯೇ ಕಣ್ಣಮುಂದೆ ಬರುತ್ತಿತ್ತು. ಕೈ ಅಲ್ಲಾಡಿಸುವಾಗ ಅದರಲ್ಲಿ ನಶ್ಯ ಇತ್ತೋ ಇಲ್ಲವೋ.

ಅಕ್ಕ, ತಮ್ಮ ಇಬ್ಬರಿಗೂ ಹೇಳಿದೆ. ತಮ್ಮ, "ಅತ್ತೆಗೆ ಮರೆವು. ಅರವತ್ತು ವರ್ಷದ ಹಿಂದಿನ ಮಾತು" ಅಂದ. ಅಕ್ಕ ಯಾವುದಾದರೂ ಬೌದ್ಧ ಮಠದ ಹುಂಡಿಗೆ ಹಾಕಿಬಿಡೋಣ ಅಂದಳು. ಹುಂಡಿ ನಮ್ಮ ಪದ್ಧತಿ. ತಪ್ಪು ಮಾಡಿದ್ದು ಒಬ್ಬರಿಗೆ, ಕಾಣಿಕೆ ಹಾಕುವುದು ಇನ್ನೊಬ್ಬರಿಗೆ. ನನಗೆ ಒಪ್ಪಿಗೆಯಾಗಲಿಲ್ಲ.

ಕಾರ್ತಿಕದಲ್ಲಿ ಒಂದು ದಿನ ಬೈಲಕುಪ್ಪೆಗೆ ಹೋದೆ. ದೇವಸ್ಥಾನದ ಕಡೆ ಹೋಗದೆ ಹಳೇ ಕ್ಯಾಂಪಿನ ಕಡೆ ಆಟೋ ಹಿಡಿದೆ. ಕೊಯ್ಲಾದ ಜೋಳದ ಹೊಲಗಳ ನಡುವೆ ರಸ್ತೆ. ವಿಚಾರಿಸಿ ವಿಚಾರಿಸಿ ಒಂದು ಚಹಾದಂಗಡಿಯಲ್ಲಿ ಎಪ್ಪತ್ತು ದಾಟಿದ ಒಬ್ಬರ ಮುಂದೆ ಕೂತೆ. ಅವರ ಕನ್ನಡ ನನ್ನ ಕನ್ನಡಕ್ಕಿಂತ ಹೆಚ್ಚು ಪಿರಿಯಾಪಟ್ಟಣದ್ದು. ಬುಡ್ಡಿ ತೆಗೆದುಕೊಟ್ಟೆ. ಎರಡು ಕೈಯಲ್ಲಿ ತೆಗೆದುಕೊಂಡರು. ಮುಚ್ಚಳ ಬಿಚ್ಚಿ ಮೂಸಿ, "ಏನ್ ಸಾರ್ ಕರ್ಪೂರ ಹಾಕಿದ್ದೀರಿ!" ಎಂದು ನಕ್ಕರು. ಆಮೇಲೆ ಕಡ್ಡಿಯಿಂದ ಒಳಗಿನ ಮೂಲೆ ಕೆರೆದು ಎಡಗೈ ಹೆಬ್ಬೆರಳಿನ ಉಗುರಿನ ಮೇಲೆ ತಟ್ಟಿದರು. ಕಂದು ಬಣ್ಣದ ಎರಡು ಕಣ. ನಾವು ಯಾರೂ ಅಷ್ಟು ಆಳಕ್ಕೆ ಕೆರೆದಿರಲಿಲ್ಲ.

"ಇದು ನಮ್ಮೋರ ಕೆಲಸ ಅಲ್ಲ. ನಮ್ಮೋರು ನಶ್ಯಕ್ಕೆ ಯಾಕಿನ ಕೊಂಬು ಇಟ್ಕೊಳ್ತಿದ್ರು, ಬೆಳ್ಳಿ ಕಟ್ಟು ಹಾಕಿ. ಇದು ಸೋಗ್‌ಪೋಗಳದ್ದು." ಸೋಗ್‌ಪೋ ಅಂದರೆ ಟಿಬೆಟನ್ ಭಾಷೆಯಲ್ಲಿ ಮಂಗೋಲರು. ಪೀಕಿಂಗಿನ ಅಕ್ಕಸಾಲಿಗರು ಮಂಗೋಲರ ರುಚಿಗೆ ತಕ್ಕಂತೆ ಹವಳ, ನೀಲಿ ಕಲ್ಲು ಕೂರಿಸಿ ಇಂಥದ್ದನ್ನು ಮಾಡುತ್ತಿದ್ದರು, ಮಂಗೋಲರು ಲ್ಹಾಸಾಗೆ ಯಾತ್ರೆಗೆ, ಮಠಗಳಲ್ಲಿ ಓದುವುದಕ್ಕೆ ಬರುವಾಗ ತರುತ್ತಿದ್ದರು, ಗುರುಗಳಿಗೆ, ಉಳಿದುಕೊಂಡ ಮನೆಯವರಿಗೆ ಕೊಡುತ್ತಿದ್ದರು ಎಂದರು. ನಾನು ಓದಿಕೊಂಡದ್ದಕ್ಕೂ ಇದು ಹೊಂದುತ್ತಿತ್ತು. ತಂತಿಯ ಕುಸುರಿ, ಕಲ್ಲುಗಳ ಈ ಬಗೆಯ ಬೆಳ್ಳಿ ಬುಡ್ಡಿಗಳನ್ನು ಬಲ್ಲವರು ಮಂಗೋಲ್ ಶೈಲಿಯದು, ಬಹುಪಾಲು ಪೀಕಿಂಗಿನಲ್ಲಿ ಆದದ್ದು ಎನ್ನುತ್ತಾರೆ. ಚಿಯನ್‌ಲಾಂಗನ ಮುದ್ರೆ ಇದ್ದರೂ ಹೆಚ್ಚಿನವು ಅವನ ಕಾಲಕ್ಕಿಂತ ಬಹಳ ಈಚಿನವು. ನಮ್ಮದು ತಾತ ಹುಟ್ಟಿದ ಕಾಲದ ಆಸುಪಾಸಿನದು ಇರಬಹುದು. ಅಕ್ಕನ ಮಗ ಕೇಳಿದ ಪ್ರಶ್ನೆಗೆ ಅಲ್ಲಿಗೆ ಉತ್ತರ ಸಿಕ್ಕಂತಾಯಿತು.

"ನಿಮ್ಮ ಹತ್ರ ಹೆಂಗೆ ಬಂತು ಸಾರ್?"

"ನಮ್ಮ ತಾತನದ್ದು" ಅಂದೆ. ಅರವತ್ತು ವರ್ಷದ ಅಭ್ಯಾಸ, ಬಾಯಿಗೆ ಅದೇ ಬಂತು. ಚಹಾ ಮುಗಿಯುವ ಹೊತ್ತಿಗೆ ಉಳಿದದ್ದನ್ನೂ ಹೇಳಿದೆ. ಆಗ ಎಲ್ಲರೂ ಏನೇನೋ ಮಾರಿಕೊಂಡರು ಸಾರ್, ಬಿಡಿ ಎಂದರು ಮೊದಲು. ಮಾರಿದ್ದಲ್ಲ, ಬಿಡಿಸಿಕೊಳ್ಳಲು ಎರಡು ಸಲ ಬಂದಿದ್ದಳು ಎಂದು ನಾನು ಮತ್ತೆ ಹೇಳಿದೆ. ಅವರು ಸುಮ್ಮನಾದರು. ಆಮೇಲೆ, "ಯಾವ ಅಂಗಡಿ? ಬಸ್ ಸ್ಟ್ಯಾಂಡಿಂದ ಕೆಳಗೆ, ಮುಂದೆ ಕಲ್ಲಿನ ಜಗಲಿ ಇತ್ತಲ್ಲ, ಅದಾ?" ಎಂದು ಕೇಳಿದರು.

ಅದೇ. ಬಂದಾಗ ಅವರಿಗೆ ಏಳು ವರ್ಷವಂತೆ. ತಾಯಿಯ ಜೊತೆ ಉಪ್ಪು ತರಲು ಹೋಗುತ್ತಿದ್ದರಂತೆ. "ಆ ಅಜ್ಜ ನಮಗೆಲ್ಲ ಬೆಲ್ಲ ಕೊಡೋರು. ಕೈ ಚಾಚಿದ್ರೆ ಸಾಕು, ಒಂದೊಂದು ಚೂರು. ದುಡ್ಡು ಕೇಳ್ತಿರಲಿಲ್ಲ" ಅಂದರು. ನನಗೂ ಕೊಡುತ್ತಿದ್ದರು, ಅದೇ ಡಬ್ಬದಿಂದ. ನಾವಿಬ್ಬರೂ ಸ್ವಲ್ಪ ಹೊತ್ತು ಆ ಬೆಲ್ಲದ ಬಗ್ಗೆ ಮಾತಾಡಿದೆವು, ಆ ಬುಡ್ಡಿಯನ್ನು ನಡುವೆ ಮೇಜಿನ ಮೇಲೆ ಇಟ್ಟುಕೊಂಡು.

ನೀವೇ ಇಟ್ಟುಕೊಳ್ಳಿ ಎಂದೆ. ಅವರು ಒಪ್ಪಲಿಲ್ಲ. "ನಂದಲ್ಲವಲ್ಲ ಸಾರ್." ಕ್ಯಾಂಪುಗಳಲ್ಲಿ ಹಳಬರು ಇನ್ನೂ ಕೆಲವರಿದ್ದಾರೆ, ವಿಚಾರಿಸುತ್ತೇನೆ, ಎಷ್ಟೋ ಜನ ಸತ್ತರು, ಎಷ್ಟೋ ಮನೆಯವರು ಹೊರದೇಶಕ್ಕೆ ಹೋದರು, ಆದರೂ ಕೇಳಿ ನೋಡುತ್ತೇನೆ ಎಂದರು. ನನ್ನ ನಂಬರನ್ನು ಕ್ಯಾಲೆಂಡರಿನ ಅಂಚಿನಲ್ಲಿ ಬರೆದುಕೊಂಡರು. ಚಹಾದ ದುಡ್ಡು ತೆಗೆದುಕೊಳ್ಳಲಿಲ್ಲ.

ಬುಡ್ಡಿ ಈಗ ನನ್ನ ಮೇಜಿನ ಮೇಲಿದೆ. ಪಚ್ಚಕರ್ಪೂರ ತೆಗೆದು ಅಕ್ಕನಿಗೆ ಕೊಟ್ಟೆ. ಈ ಸಲ ಬೊಂಬೆಗಳ ಸಾಲಿನಲ್ಲಿ ಅದನ್ನು ಇಡಲಿಲ್ಲ. ಪಕ್ಕದ ಮನೆಯ ಹವಾಲ್ದಾರರಿಗೆ ಪೀಕಿಂಗಿನ ಮಟ್ಟಿಗೆ ನಿಮ್ಮ ಮಾತು ನಿಜವಾಯಿತು ಎಂದಷ್ಟೇ ಹೇಳಿದ್ದೇನೆ.

ಕಳೆದ ಭಾನುವಾರ ಬೆಳಿಗ್ಗೆ ಬೈಲಕುಪ್ಪೆಯಿಂದ ಫೋನ್ ಬಂತು. ಬೇರೆ ಕ್ಯಾಂಪಿನಲ್ಲಿ ಒಬ್ಬರು ಇದ್ದಾರಂತೆ, ಹಾಸಿಗೆ ಹಿಡಿದಿದ್ದಾರೆ, ಅವರ ಅಕ್ಕ ಇಂಥದ್ದೇನೋ ಪಿರಿಯಾಪಟ್ಟಣದಲ್ಲಿ ಇಟ್ಟು ಕಳಕೊಂಡಳು ಎಂದು ಹೇಳುತ್ತಾರಂತೆ. "ಮುಚ್ಚಳದ ಮೇಲಿನ ಕಲ್ಲು ನೀಲಿನಾ ಸಾರ್? ಅವರು ನೀಲಿ ಅಂತಾರೆ."

ಈಗ ಕೆಂಪು ಗಾಜು ಇದೆ, ನಮ್ಮ ಕಡೆಯವರು ಬದಲಾಯಿಸಿದ್ದಾರೆ, ಮುಂಚೆ ಏನಿತ್ತು ಎಂದು ಅತ್ತೆಯನ್ನು ಕೇಳಿ ಹೇಳುತ್ತೇನೆ ಎಂದೆ. ಕೂಡಲೇ ಹುಣಸೂರಿಗೆ ಮಾಡಿದೆ. ಅತ್ತೆಯ ಸೊಸೆ ಎತ್ತಿಕೊಂಡಳು. ರಾತ್ರಿಯೆಲ್ಲ ಕೆಮ್ಮು, ಈಗ ತಾನೇ ಕಣ್ಣು ಮುಚ್ಚಿದ್ದಾರೆ, ಸಾಯಂಕಾಲ ಮಾಡಿ ಭಾವ ಎಂದಳು.